ಗುಳ್ಳೆ ಅಚ್ಚು: ಪುಟ್ಟ ಮಕ್ಕಳ ಜೊತೆ ಸೋಪಿನ ನೊರೆಯಲ್ಲಿ ಚಿತ್ರ ತೆಗೆಯುವ ಸಮಗ್ರ ಮಾರ್ಗದರ್ಶಿ

ಬಟ್ಟಲಲ್ಲಿ ಬಣ್ಣ, ನೀರು, ಸೋಪಿನ ದ್ರವ ಕಲಸಬೇಕು. ಸ್ಟ್ರಾ ಇಟ್ಟು ಊದಬೇಕು. ಉಕ್ಕಿದ ನೊರೆಯ ಮೇಲೆ ಕಾಗದ ಮುಟ್ಟಿಸಿ ಎತ್ತಿದರೆ ಗುಳ್ಳೆಗಳ ಗೆರೆ ಕಾಗದಕ್ಕೆ ಇಳಿದಿರುತ್ತದೆ. ಹೇಳಲು ಇಷ್ಟೇ. ಆದರೆ ಮೊದಲ ಸಲ ಮಾಡುವ ಬಹಳಷ್ಟು ಮನೆಗಳಲ್ಲಿ ನಡೆಯುವುದು ಬೇರೆಯೇ: ನೊರೆ ಬಟ್ಟಲು ಮೀರಿ ಬರುತ್ತದೆ, ಮಗು ಕುಣಿಯುತ್ತದೆ, ಕಾಗದ ತಿರುಗಿಸಿ ನೋಡಿದರೆ ಒದ್ದೆ ಕಲೆ ಬಿಟ್ಟು ಏನೂ ಇಲ್ಲ. ಊದಿದ್ದರಲ್ಲಿ ತಪ್ಪಿಲ್ಲ, ಬಣ್ಣ ಸಾಲದಾಗಿದೆ. ಗುಳ್ಳೆಯ ಗೋಡೆ ಎಂಬುದು ತೀರ ತೆಳು ನೀರಿನ ಪೊರೆ. ಬಟ್ಟಲಲ್ಲಿ ಕಡುನೀಲಿ ಕಂಡದ್ದು ಆ ಪೊರೆಯಲ್ಲಿ ಹೆಚ್ಚುಕಡಿಮೆ ನೀರಿನ ಬಣ್ಣಕ್ಕೇ ಬಂದಿರುತ್ತದೆ. ಕಾಗದದ ಮೇಲೆ ಎಷ್ಟು ಬಣ್ಣ ಬೇಕೆನಿಸುತ್ತದೋ ಬಟ್ಟಲಲ್ಲಿ ಅದರ ಎರಡು ಮೂರು ಪಟ್ಟು ಗಾಢವಾಗಿರಬೇಕು. ಉಳಿದ ತಪ್ಪುಗಳನ್ನೆಲ್ಲ ಕೂತಲ್ಲೇ ತಿದ್ದಬಹುದು. ಬಣ್ಣದಲ್ಲಿ ಜಿಪುಣತನ ಮಾಡಿದರೆ ಮಾತ್ರ ಇಡೀ ಮಧ್ಯಾಹ್ನ ಹಾಳು.

ಮುಂಬೈ, ಪುಣೆ, ಗೋವಾದ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ಅಳತೆ ಕೊಟ್ಟಿದೆ. ಮೂರೂ ಊರಿನ ನೀರು ಬೇರೆ, ಗಾಳಿ ಬೇರೆ. ಗುಳ್ಳೆಗೆ ಎರಡೂ ತಾಕುತ್ತವೆ.

ಯಾವ ವಯಸ್ಸಿಗೆ ಯಾವ ಕೆಲಸ

3 ವರ್ಷ ತುಂಬದ ಮಗುವಿನ ಬಾಯಿಗೆ ಸ್ಟ್ರಾ ಕೊಡಬೇಡಿ. ಸ್ಟ್ರಾ ಕಂಡರೆ ಎಳೆದು ಕುಡಿಯುವುದೇ ಅದಕ್ಕೆ ಗೊತ್ತು. ದೊಡ್ಡವರು ಊದಲಿ, ಮಗು ಕಾಗದ ಇಟ್ಟು ಎತ್ತಲಿ. ಆ ವಯಸ್ಸಿಗೆ ಅದೇ ದೊಡ್ಡ ಕೆಲಸ, ಬೇಜಾರಾಗುವುದಿಲ್ಲ. ಬಲೂನಿಗೆ ಗಾಳಿ ತುಂಬುವ ಚಿಕ್ಕ ಕೈಪಂಪು ಮನೆಯಲ್ಲಿದ್ದರೆ ಅದರ ಮೂತಿಗೆ ಸ್ಟ್ರಾ ಸಿಕ್ಕಿಸಿ ಟೇಪು ಸುತ್ತಿ ಕೊಡಬಹುದು. ಬಾಯಿಯ ಪ್ರಶ್ನೆಯೇ ಬರುವುದಿಲ್ಲ.

3ರಿಂದ 5 ವರ್ಷದವರಿಗೆ ಮೊದಲು ಊದುವ ಅಭ್ಯಾಸ ಮಾಡಿಸಿ. ಅಂಗೈ ಮೇಲೆ ಹತ್ತಿಯ ಚೂರಿಟ್ಟು ಹಾರಿಸಲು ಹೇಳಿ, ಆಮೇಲೆ ಅದನ್ನೇ ಸ್ಟ್ರಾದಿಂದ ಹಾರಿಸಲಿ, ಕೊನೆಗೆ ಲೋಟದಲ್ಲಿ ಬರೀ ನೀರು ಹಾಕಿ ಬುಳುಬುಳು ಎನಿಸಲಿ. ನೀರಿನ ಲೋಟದಲ್ಲಿ ಐದಾರು ಸಲ ತಪ್ಪದೆ ಊದಿದ ಮಗುವಿಗೆ ಮಾತ್ರ ಬಣ್ಣದ ಬಟ್ಟಲು. ಹಿಂದಿ, ಮರಾಠಿ ಆಡುವ ಪಕ್ಕದ ಮನೆಯ ಮಕ್ಕಳೂ ಬಂದು ಕೂತರೆ ‘ಊದು’ ಎಂದಷ್ಟು ಹೇಳಿದರೆ ಸಾಲದು, ‘ಫುಂಕ್ ಮಾರ್’ ಕೂಡ ಹೇಳಬೇಕಾಗುತ್ತದೆ. ಮಾತಿಗಿಂತ ನೀವೇ ಒಮ್ಮೆ ಊದಿ ತೋರಿಸುವುದು ಮೇಲು. 6 ದಾಟಿದವರು ಬಣ್ಣ ಅಳೆಯುವುದರಿಂದ ಹಿಡಿದು ಎಲ್ಲವನ್ನೂ ತಾವೇ ಮಾಡುತ್ತಾರೆ.

ಸಾಮಾನು

ಬಣ್ಣಕ್ಕೆ ಪೋಸ್ಟರ್ ಕಲರ್ ಅಥವಾ ಮಕ್ಕಳ ಟೆಂಪೆರಾ ಸರಿ. 10–15 ಮಿ.ಲೀ. ಪುಟ್ಟ ಬಾಟಲಿಗಳ ಸೆಟ್ಟು ಈ ಕೆಲಸಕ್ಕೆ ಬೇಗ ಮುಗಿದುಹೋಗುತ್ತದೆ. ಬೇಕಾದ ಎರಡು ಮೂರು ಬಣ್ಣವನ್ನು ದೊಡ್ಡ ಬಾಟಲಿಯಲ್ಲೇ ತನ್ನಿ. ಮುಂಬೈಯಲ್ಲಿ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟು, ಪುಣೆಯಲ್ಲಿ ಅಪ್ಪಾ ಬಲವಂತ ಚೌಕದ ಸ್ಟೇಷನರಿ ಅಂಗಡಿಗಳು ಇದಕ್ಕೆ ಸರಿಯಾದ ಜಾಗ.

ಅಕ್ರಿಲಿಕ್ ಬೇಡ. ಬಟ್ಟೆಗೆ ಬಿದ್ದು ಒಣಗಿದರೆ ಹೋಗುವುದಿಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ: ಬ್ರಶ್ ಆಡಿಸುವಾಗ ಗುಳ್ಳೆ ಏಳದಿರಲೆಂದು ಅಕ್ರಿಲಿಕ್ ಬಣ್ಣಕ್ಕೆ ಸಾಮಾನ್ಯವಾಗಿ ನೊರೆ ಮುರಿಯುವ ಪದಾರ್ಥ ಸೇರಿಸಿರುತ್ತಾರೆ. ನೀವು ಎಷ್ಟು ಸೋಪು ಸುರಿದರೂ ಅದು ಒಳಗಿಂದ ನೊರೆಯನ್ನು ಒಡೆಯುತ್ತಲೇ ಇರುತ್ತದೆ. ಅಡುಗೆಗೆ ಹಾಕುವ ದ್ರವ ಬಣ್ಣದಿಂದ ಗೆರೆ ಚೂಪಾಗಿ ಬರುತ್ತದೆ, ಆದರೆ ಬೆರಳು ಎರಡು ದಿನ ಕೆಂಪಾಗಿರುತ್ತದೆ ಮತ್ತು ಗೋಡೆಗೆ ತೂಗು ಹಾಕಿದ ಚಿತ್ರ ಬಿಸಿಲಿಗೆ ಬೇಗ ಮಾಸುತ್ತದೆ. ಫೌಂಟನ್ ಪೆನ್ನಿನ ಶಾಯಿ ಎಲ್ಲಕ್ಕಿಂತ ಸೂಕ್ಷ್ಮ ಗೆರೆ ಕೊಡುತ್ತದೆ. ಬಾಯಿಗೆ ಹೋಗುವ ಭಯವಿಲ್ಲದ ದೊಡ್ಡ ಮಕ್ಕಳಿಗೆ ಮಾತ್ರ. ಹೋಳಿಯಲ್ಲಿ ಉಳಿದ ಪುಡಿ ಬಣ್ಣ, ಅದರಲ್ಲಿ ಏನಿದೆ ಎಂದು ಪೊಟ್ಟಣದ ಮೇಲೆ ಬರೆದಿಲ್ಲದಿದ್ದರೆ, ತೆಗೆಯಲೇಬೇಡಿ. ಅರಿಶಿನವೂ ಇಲ್ಲಿ ಕೆಲಸಕ್ಕೆ ಬಾರದು. ನೀರಲ್ಲಿ ಕರಗದೆ ಅಡಿಗೆ ಕೂರುತ್ತದೆ, ಕ್ಷಾರ ಇರುವ ಸೋಪು ತಾಗಿದರೆ ಓಕುಳಿ ನೀರಿನ ಹಾಗೆ ಕೆಂಪಗಾಗುತ್ತದೆ. ಅದು ಬೇರೆ ದಿನದ ಆಟ.

ಸೋಪು ಎಂದರೆ ಪಾತ್ರೆ ತೊಳೆಯುವ ಲಿಕ್ವಿಡ್. ಪಾತ್ರೆಯ ಬಾರ್ ಕರಗಿಸಿದರೆ ಅದರ ಪುಡಿ ಅಡಿಗಿಳಿದು ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಕಣ್ಣು ಉರಿಯದ ಮಕ್ಕಳ ಶಾಂಪೂ ಹಾಕಬಹುದು, ನೊರೆ ಸ್ವಲ್ಪ ಸೋಮಾರಿ. ಅಳತೆಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ಬಟ್ಟಲು ಅಗಲವಾಗಿ, ಗಿಡ್ಡವಾಗಿ, ಭಾರವಾಗಿರಲಿ. ಬಾಯಿ 8–10 ಸೆಂ.ಮೀ., ಎತ್ತರ 5–6 ಸೆಂ.ಮೀ. ಸ್ಟೀಲಿನ ಬಟ್ಟಲು ಒಳ್ಳೆಯದು, ಬೇಗ ಮಗುಚುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಒಂದಾದರೂ ಇರುವ ಅರ್ಧ ಕಿಲೋ ಶ್ರೀಖಂಡದ ಡಬ್ಬಿ ಆಕಾರಕ್ಕೆ ಹೇಳಿ ಮಾಡಿಸಿದ್ದು. ಆದರೆ ಶ್ರೀಖಂಡದ ಜಿಡ್ಡು ಪ್ಲಾಸ್ಟಿಕ್ಕಿಗೆ ಹಿಡಿದು ಕೂತಿರುತ್ತದೆ. ಜಿಡ್ಡು ತಾಗಿದ ಕಡೆ ಗುಳ್ಳೆಯ ಪೊರೆ ಹರಿಯುತ್ತದೆ. ಬಿಸಿ ನೀರಲ್ಲಿ ಎರಡು ಸಲ ತಿಕ್ಕಿ, ಬೆರಳಾಡಿಸಿದರೆ ಕಿರ್ ಎನ್ನುವವರೆಗೆ ತೊಳೆಯಿರಿ. ಮಗುವಿನ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಅದನ್ನೂ ತೊಳೆಸಿ.

ಕಾಗದದ ವಿಷಯದಲ್ಲಿ ನಡುಮಧ್ಯದ್ದೇ ಒಳ್ಳೆಯದು. ಪ್ರಿಂಟರಿನ 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಾಗದ ಒದ್ದೆಯಾಗಿ ಜೋಲುತ್ತದೆ, ಒಣಗಿದ ಮೇಲೆ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ಹೊಳಪಿನ ಚಾರ್ಟ್ ಪೇಪರಿನ ಮೇಲೆ ಬಣ್ಣ ಜಾರಿ ಗೆರೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. 120ರಿಂದ 150 ಜಿಎಸ್‌ಎಂ ಡ್ರಾಯಿಂಗ್ ಕಾಗದ ತೆಗೆದುಕೊಳ್ಳಿ. ಕೈಯಿಂದ ಮಾಡಿದ ಒರಟು ಕಾಗದದಲ್ಲಿ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಅದೂ ಚಂದವೇ, ಮೊದಲ ಸಲಕ್ಕೆ ಬೇಡ. ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿ, ಹೆಚ್ಚುಕಡಿಮೆ ಪೋಸ್ಟ್ ಕಾರ್ಡಿನ ಅಳತೆ. ಪುಟ್ಟ ಕೈಗೆ ಪೂರ್ತಿ ಹಾಳೆಯನ್ನು ಸಮವಾಗಿ ಹಿಡಿದು ಇಳಿಸಲು ಆಗದು, ಒಂದು ಮೂಲೆ ಬಣ್ಣದಲ್ಲಿ ಮುಳುಗಿಯೇ ಮುಳುಗುತ್ತದೆ. ಒಂದು ಮಗುವಿಗೆ 12–15 ತುಂಡು ಇಟ್ಟುಕೊಳ್ಳಿ, ಕಡಿಮೆಯಾದರೆ ಅಳು.

ಸ್ಟ್ರಾ ಮತ್ತು ಅದರ ತೂತು

2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ. ಈಗ ಸಿಗುವುದು ಕಾಗದದ್ದು. ಸೋಪಿನ ನೀರಲ್ಲಿ ಹದಿನೈದು ನಿಮಿಷದಲ್ಲಿ ಮೆತ್ತಗಾಗುತ್ತದೆ, ಮಗು ಕಚ್ಚಿದರೆ ಇನ್ನೂ ಬೇಗ. ತಲೆಗೆ ಮೂರು ಸ್ಟ್ರಾ ಲೆಕ್ಕ ಹಾಕಿ. ಸಿಲಿಕೋನ್ ಸ್ಟ್ರಾ ಬಾಳಿಕೆ ಬರುತ್ತದೆ, ತೂತು ಮಾಡುವುದೂ ಸುಲಭ. ಸ್ಟೀಲಿನದು ಬೇಡವೇ ಬೇಡ: ಬಾಯಲ್ಲಿ ಗಟ್ಟಿ ಕೊಳವೆ ಇಟ್ಟುಕೊಂಡು ಮಗು ಮುಗ್ಗರಿಸಿದರೆ ಗಂಟಲಿಗೆ ಪೆಟ್ಟು. ಊರಲ್ಲಿ ಪಪ್ಪಾಯಿ ಎಲೆಯ ದಂಟಿನಿಂದ ಸೋಪಿನ ಗುಳ್ಳೆ ಬಿಟ್ಟವರಿಗೆ ಅದೂ ನೆನಪಾದೀತು. ಹಸಿ ದಂಟಿನ ಹಾಲು ತುಟಿಗೆ ತಾಗಿದರೆ ಉರಿ, ತುರಿಕೆ. ಪುಟ್ಟ ಮಕ್ಕಳಿಗೆ ಅದನ್ನು ಕೊಡದಿರುವುದೇ ಸರಿ.

ಈಗ ತೂತು. ಇದನ್ನು ಬಿಡಬೇಡಿ. ಬಾಯಿಗೆ ಬರುವ ತುದಿಯಿಂದ 5 ಸೆಂ.ಮೀ. ಕೆಳಗೆ ಸ್ಟ್ರಾದ ಪಕ್ಕಕ್ಕೆ ಸುಮಾರು 2 ಮಿ.ಮೀ. ತೂತು ಮಾಡಿ. ಕಾಗದದ ಸ್ಟ್ರಾ ಆದರೆ ದಪ್ಪ ಸೂಜಿ ಚುಚ್ಚಿ ತಿರುವಿದರೆ ಸಾಕು. ಮಗು ಮರೆತು ಎಳೆದರೆ ಆ ತೂತಿನಿಂದ ಗಾಳಿ ಒಳಗೆ ನುಗ್ಗುತ್ತದೆ, ದ್ರವ ಬಾಯಿಯವರೆಗೆ ಏರುವುದಿಲ್ಲ. ಊದುವಾಗ ಸ್ವಲ್ಪ ಗಾಳಿ ಅಲ್ಲಿಂದ ಸೋರಿಹೋಗುತ್ತದೆ ನಿಜ, ಆದರೆ ಬಟ್ಟಲಲ್ಲಿ ದ್ರವದ ಆಳ ಒಂದೆರಡು ಸೆಂ.ಮೀ. ಮಾತ್ರ ಇರುವುದರಿಂದ ಉಳಿದ ಗಾಳಿ ಧಾರಾಳ. ಪ್ರತಿ ಸ್ಟ್ರಾವನ್ನೂ ಮೊದಲು ನೀವು ಬರೀ ನೀರಲ್ಲಿಟ್ಟು ಎಳೆದು ನೋಡಿ. ನೀರು ಬಾಯಿಗೆ ಬಂತೋ, ತೂತು ಸಣ್ಣದಾಯಿತು. ಊದಿದಾಗ ಬುಳುಬುಳು ಬರಲೇ ಇಲ್ಲವೋ, ದೊಡ್ಡದಾಯಿತು. ಮಗುವಿನ ಬೆರಳು ತೂತಿನ ಮೇಲೆ ಕೂರದಂತೆ ಅದರ ಕೆಳಗೆ ಪೆನ್ನಿನಿಂದ ಒಂದು ಗೆರೆ ಹಾಕಿ, ‘ಇಲ್ಲೇ ಹಿಡ್ಕೋ ಪುಟ್ಟಾ’ ಎಂದು ತೋರಿಸಿ.

ಒಬ್ಬರ ಸ್ಟ್ರಾ ಇನ್ನೊಬ್ಬರಿಗಿಲ್ಲ, ಒಬ್ಬರ ಬಟ್ಟಲೂ ಇನ್ನೊಬ್ಬರಿಗಿಲ್ಲ. ಊದುವಾಗ ಎಂಜಲು ಬಟ್ಟಲಿಗೆ ಇಳಿಯುತ್ತದೆ. ಅಣ್ಣ ತಂಗಿಯಾದರೂ ಇದೇ ನಿಯಮ, ಮಳೆಗಾಲದಲ್ಲಂತೂ ಒಬ್ಬರ ಶೀತ ಮನೆಗೆಲ್ಲ ಹರಡಲು ಇಷ್ಟು ಸಾಕು. ಒಂದು ವೇಳೆ ಸೋಪಿನ ನೀರು ಬಾಯಿಗೆ ಹೋದರೆ ಬಾಯಿ ಮುಕ್ಕಳಿಸಿ ಉಗಿಸಿ, ಸ್ವಲ್ಪ ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ. ಕೆಮ್ಮು ನಿಲ್ಲದಿದ್ದರೆ ಅಥವಾ ಉಸಿರಿಗೆ ತೊಂದರೆಯಾದರೆ ತಡಮಾಡದೆ ಡಾಕ್ಟರ ಹತ್ತಿರ. ಕಣ್ಣಿಗೆ ಹಾರಿದರೆ ಹರಿಯುವ ನೀರಲ್ಲಿ ಹತ್ತು ಹದಿನೈದು ನಿಮಿಷ ತೊಳೆಯಬೇಕು.

ನೀರು, ಗಾಳಿ, ಫ್ಯಾನು

ಮುಂಬೈಗೆ ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳಿಂದ ಬರುವುದು ಮಳೆಯ ನೀರೇ; ಮೆದು, ನೊರೆ ಸಲೀಸಾಗಿ ಏಳುತ್ತದೆ. ಪುಣೆಯ ಖಡಕ್‌ವಾಸ್ಲಾ ನೀರೂ, ಪಣಜಿ ಕಡೆಯ ಓಪಾ, ಮಡಗಾಂವ್ ಕಡೆಯ ಸಾಳಾವಲಿ ನೀರೂ ಹಾಗೆಯೇ. ಫಜೀತಿ ಇರುವುದು ಟ್ಯಾಂಕರ್ ಮತ್ತು ಬೋರ್‌ವೆಲ್ ನೀರಲ್ಲಿ, ಅದರಲ್ಲೂ ಪುಣೆಯ ಹೊರವಲಯದ ಹೊಸ ಸೊಸೈಟಿಗಳಲ್ಲಿ. ಗಡಸು ನೀರಿನ ಕ್ಯಾಲ್ಶಿಯಂ, ಮೆಗ್ನೀಶಿಯಂ ಸೋಪಿನ ಜೊತೆ ಸೇರಿ ಅದನ್ನು ಅರ್ಧ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ನಲ್ಲಿಯ ಮೂತಿಯಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು, ಅಡುಗೆಮನೆಯ ಆರ್‌ಒ ನೀರು ಬಳಸಿ. ಬೇಕಾಗುವುದು ಎರಡು ಚಮಚ, ಲೀಟರ್‌ಗಟ್ಟಲೆ ಅಲ್ಲ.

ಗುಳ್ಳೆ ಒಡೆಯುವುದು ಅದರ ಗೋಡೆಯ ನೀರು ಕೆಳಗೆ ಬಸಿದು ಅಥವಾ ಗಾಳಿಗೆ ಆರಿ. ಮುಂಬೈ, ಗೋವಾದ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಗುಳ್ಳೆ ನಿಂತುಕೊಂಡಿರುತ್ತದೆ, ಕಾಗದ ಒಣಗುವುದಿಲ್ಲ. ಏಪ್ರಿಲ್‌ನ ಪುಣೆಯಲ್ಲಿ ತದ್ವಿರುದ್ಧ: ಮಧ್ಯಾಹ್ನ ಎರಡು ಗಂಟೆಗೆ ಕೂತರೆ ಕಾಗದ ತರುವಷ್ಟರಲ್ಲಿ ನೊರೆ ಕುಸಿದಿರುತ್ತದೆ. ಅಲ್ಲಿ ಬೆಳಿಗ್ಗೆ ಬೇಗ ಮಾಡಿ, ಕಲಸುವಾಗ ಅರ್ಧ ಟೀ ಚಮಚ ಗ್ಲಿಸರಿನ್ ಸೇರಿಸಿ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಗ್ಲಿಸರಿನ್ ಬದಲು ಸಕ್ಕರೆ ಹಾಕಿ ಎನ್ನುವವರಿದ್ದಾರೆ. ಹಾಕಿದರೆ ಗುಳ್ಳೆಯೂ ನಿಲ್ಲುತ್ತದೆ, ಮರುದಿನ ಚಿತ್ರದ ಮೇಲೆ ಇರುವೆ ಸಾಲೂ ನಿಲ್ಲುತ್ತದೆ.

ಊದುವಾಗ ಸೀಲಿಂಗ್ ಫ್ಯಾನು ಬಂದ್. ಬಾಲ್ಕನಿಯಲ್ಲಿ ಸಮುದ್ರದ ಗಾಳಿ ಬೀಸುತ್ತಿದ್ದರೆ ಅಲ್ಲೂ ಬೇಡ. ಒಂದೇ ಕೋಣೆಯ ಮನೆಯಲ್ಲಿ ಬಚ್ಚಲುಮನೆಯ ಒಣ ನೆಲ ಎಲ್ಲಕ್ಕಿಂತ ಒಳ್ಳೆಯ ಸ್ಟುಡಿಯೋ: ಗಾಳಿ ಇಲ್ಲ, ಚೆಲ್ಲಿದರೆ ಒಂದು ಬಾಲ್ದಿ ನೀರು ಹೊಯ್ದರೆ ಆಯಿತು. ಆದರೆ ಸೋಪು ಬಿದ್ದ ಟೈಲ್ಸ್ ಜಾರುತ್ತದೆ. ಗೋಣಿ ತಾಟೋ ಹಳೆ ಚಾದರವೋ ಹಾಸಿ, ಮಕ್ಕಳನ್ನು ಚಕ್ಕಳಮಕ್ಕಳ ಕೂರಿಸಿ.

ಕಲಸುವ ಅಳತೆ

ಒಂದು ಬಟ್ಟಲಿಗೆ: ಪೋಸ್ಟರ್ ಬಣ್ಣ 2 ಟೇಬಲ್ ಚಮಚ (30 ಮಿ.ಲೀ.), ನೀರು 2 ಟೇಬಲ್ ಚಮಚ (30 ಮಿ.ಲೀ.), ಪಾತ್ರೆಯ ಲಿಕ್ವಿಡ್ 1 ಟೇಬಲ್ ಚಮಚ (15 ಮಿ.ಲೀ.). ಬಾಟಲಿಯ ಬಣ್ಣ ಮೊದಲೇ ತೆಳ್ಳಗಿದ್ದರೆ ನೀರನ್ನು ಅರ್ಧ ಮಾಡಿ.

ಬಣ್ಣಕ್ಕೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಗಂಟಿಲ್ಲದಂತೆ ಕಲಸಿ. ಆಮೇಲೆ ಸೋಪು. ಮೊದಲೇ ಸೋಪು ಹಾಕಿ ಕಲಸಿದರೆ ಎಲ್ಲ ಸಣ್ಣ ನೊರೆಯಾಗಿ ಗಂಟು ಒಳಗೇ ಉಳಿಯುತ್ತದೆ. ಸೋಪು ಹಾಕಿದ ಮೇಲೆ ಚಮಚವನ್ನು ಕಡೆಯುವ ಹಾಗೆ ಆಡಿಸದೆ ಅಡಿಯಿಂದ ನಿಧಾನ ತಿರುವಿ, ಹತ್ತು ನಿಮಿಷ ಬಿಡಿ.

ಊದುವ ಮೊದಲು ಒಂದು ಪರೀಕ್ಷೆ. ಸ್ಟ್ರಾದ ತುದಿ ಅದ್ದಿ ಕಾಗದದ ಮೇಲೆ ಗೆರೆ ಎಳೆಯಿರಿ. ಗೆರೆಯ ಕೆಳಗೆ ಕಾಗದ ಕಾಣುತ್ತಿದ್ದರೆ ಬಣ್ಣ ಇನ್ನೂ ಬೇಕು. ಗೆರೆ ಗಾಢವಾಗಿದ್ದರೆ ನೀವೇ ಒಮ್ಮೆ ಊದಿ ಒಂದು ಅಚ್ಚು ತೆಗೆದು ನೋಡಿ, ಅದರ ಮೇಲೆ ತಿದ್ದಿ: ಅಚ್ಚು ಪೇಲವವಾದರೆ ಬಣ್ಣ ಅರ್ಧ ಚಮಚ, ಕಾಗದ ಮುಟ್ಟುವ ಮೊದಲೇ ಗುಳ್ಳೆ ಒಡೆದರೆ ಸೋಪು ಅರ್ಧ ಚಮಚ, ನೊರೆ ಏಳಲು ಒದ್ದಾಡಿ ದಪ್ಪಗೆ ಪಾಯಸದಂತೆ ಬುಡುಕ್ ಎಂದರೆ ನೀರು ಅರ್ಧ ಚಮಚ. ಒಂದು ಸಲಕ್ಕೆ ಒಂದನ್ನೇ ಸೇರಿಸಿ. ಈ ಮೊದಲ ಅಚ್ಚುಗಳನ್ನು ಮಗುವಿಲ್ಲದಾಗಲೇ ತೆಗೆಯುವುದು ಜಾಣತನ, ಅದರೆದುರು ಬಟ್ಟಲು ಮುಂದಿಟ್ಟುಕೊಂಡು ‘ಇರು ಇರು’ ಎನ್ನುತ್ತ ಕೂರಲಾಗದು.

ಹಳದಿಯ ಬಗ್ಗೆ ಒಂದು ಮಾತು. ಬಿಳಿ ಕಾಗದದ ಮೇಲೆ ಹಳದಿ ಗುಳ್ಳೆ ಎಷ್ಟು ಬಣ್ಣ ಹಾಕಿದರೂ ಕಾಣುವುದಿಲ್ಲ. ನೀಲಿ, ನೇರಳೆ, ಕಡುಹಸಿರು, ಮೆಜೆಂಟಾ ಚೆನ್ನಾಗಿ ಏಳುತ್ತವೆ. ಹಳದಿಯನ್ನು ಎರಡನೇ ಬಣ್ಣದ ಅಡಿಗೆ ಇಟ್ಟುಕೊಳ್ಳಿ.

ಊದು, ಇಡು, ಎತ್ತು

ಸ್ಟ್ರಾದ ತುದಿ ಬಟ್ಟಲಿನ ಅಡಿಗೆ ತಾಗಿರಲಿ, ಸ್ವಲ್ಪ ಓರೆಯಾಗಿರಲಿ. ಜೋರಾಗಿ ಊದಿದರೆ ಸಾಸಿವೆ ಕಾಳಿನಂಥ ಸಣ್ಣ ನೊರೆ. ಅದರಿಂದ ಅಚ್ಚಿನಲ್ಲಿ ಬರೀ ಮಚ್ಚೆ ಬೀಳುತ್ತದೆ. ನಿಧಾನ, ಒಂದೇ ಸಮ ಊದಿದರೆ ದೊಡ್ಡ ಗುಳ್ಳೆ, ಸ್ಪಷ್ಟ ಗೆರೆ. ಮಕ್ಕಳಿಗೆ ‘ಮೆಲ್ಲಗೆ ಊದು’ ಎಂದರೆ ತಿಳಿಯುವುದಿಲ್ಲ. ‘ಬಿಸಿ ಹಾಲು ಆರಿಸು’ ಎನ್ನಿ, ಕೂಡಲೇ ಉಸಿರು ಸರಿಹೋಗುತ್ತದೆ.

ಗುಳ್ಳೆ ಬಟ್ಟಲಿನ ಅಂಚಿಗಿಂತ 2–3 ಸೆಂ.ಮೀ. ಮೇಲೆ ಗುಮ್ಮಟವಾಗಿ ನಿಂತಾಗ ಊದುವುದು ನಿಲ್ಲಿಸಿ, ಸ್ಟ್ರಾವನ್ನು ಪಕ್ಕದಿಂದ ಜಾರಿಸಿ ತೆಗೆಯಿರಿ. ನೆಟ್ಟಗೆ ಮೇಲಕ್ಕೆ ಎಳೆದರೆ ಗುಮ್ಮಟದ ನಡುವೆ ಹೊಂಡ ಬೀಳುತ್ತದೆ. ಕಾಗದವನ್ನು ಎರಡೂ ಕೈಯಲ್ಲಿ ಎದುರುಬದುರು ಅಂಚಿನಲ್ಲಿ ಹಿಡಿದು ಮೇಲಿಂದ ಇಳಿಸಿ. ಗುಳ್ಳೆಗೆ ತಾಗಬೇಕು, ಬಟ್ಟಲಿನ ಅಂಚಿಗೆ ತಾಗಬಾರದು. ಒತ್ತುವುದು ಬೇಡ. ಒಂದು, ಎರಡು ಎಣಿಸಿ ನೆಟ್ಟಗೆ ಎತ್ತಿ. ಜಾರಿಸಿದರೆ ಗೆರೆ ಉಜ್ಜಿಹೋಗುತ್ತದೆ.

ಯಾವಾಗ ಇಡಬೇಕು ಎಂಬುದರಲ್ಲೇ ಕೈಚಳಕ. ಗುಳ್ಳೆ ಎದ್ದ ಕ್ಷಣದಿಂದ ಅದರ ಗೋಡೆಯ ಬಣ್ಣ ಕೆಳಕ್ಕೆ ಬಸಿಯುತ್ತಿರುತ್ತದೆ, ಮೇಲ್ಭಾಗ ತಿಳಿಯಾಗುತ್ತ ಹೋಗುತ್ತದೆ. ಊದಿ ನಿಲ್ಲಿಸಿದ ಮೂರು ನಾಲ್ಕು ಸೆಕೆಂಡಿನೊಳಗೆ ಕಾಗದ ಇಟ್ಟರೆ ದಪ್ಪ ಗಾಢ ಗೆರೆ. ಹತ್ತು ಸೆಕೆಂಡು ಬಿಟ್ಟರೆ ಕೂದಲೆಳೆಯಂಥ ತೆಳು ಗೆರೆ, ಅಷ್ಟರಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡ ಮನೆಗಳಾಗಿರುತ್ತವೆ. ಎರಡೂ ಬೇಕಾದವೇ. ಒಂದೇ ಬಟ್ಟಲಿನಿಂದ ಎರಡು ಬಗೆಯ ಅಚ್ಚು ತೆಗೆದು ಪಕ್ಕಪಕ್ಕ ಇಟ್ಟು ಮಗುವಿಗೆ ತೋರಿಸಿ.

ತೋರಿಸುವಾಗ ಇನ್ನೊಂದನ್ನೂ ಹುಡುಕಿಸಿ. ಅಚ್ಚಿನಲ್ಲಿ ಗೆರೆಗಳು ಕೂಡುವ ಜಾಗಕ್ಕೆ ಬೆರಳಿಟ್ಟು ಎಣಿಸಿದರೆ ಪ್ರತಿ ಕೂಡುವಿಕೆಯಲ್ಲೂ ಮೂರೇ ಗೆರೆ. ನಾಲ್ಕು ಕಂಡರೆ ಹತ್ತಿರದಿಂದ ನೋಡಿ, ಸಾಮಾನ್ಯವಾಗಿ ಅಲ್ಲಿ ಎರಡು ಕೂಡುವಿಕೆ ತೀರ ಪಕ್ಕದಲ್ಲಿರುತ್ತದೆ, ಇಲ್ಲವೇ ಕಾಗದ ಅಲುಗಿರುತ್ತದೆ. ಮೂರರ ನಡುವಿನ ಕೋನ ಸುಮಾರು 120 ಡಿಗ್ರಿ. ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ ಸೋಪಿನ ಪೊರೆಗಳ ಈ ನಿಯಮಗಳನ್ನು 1873ರಲ್ಲಿ ಪುಸ್ತಕವಾಗಿ ಹೊರತಂದರು. ಆ ಹೊತ್ತಿಗೆ ಅವರಿಗೆ ದೃಷ್ಟಿ ಹೋಗಿ ಎಷ್ಟೋ ವರ್ಷಗಳಾಗಿದ್ದವು, ಪ್ರಯೋಗಗಳನ್ನು ಬೇರೆಯವರ ಕಣ್ಣಿನಿಂದ ನಡೆಸಿದ್ದರು. ಗೆರೆ ಕೂಡುವಲ್ಲಿ ದ್ರವ ಹೆಚ್ಚು ನಿಲ್ಲುತ್ತದೆ, ಹಾಗಾಗಿ ಅಚ್ಚಿನಲ್ಲೂ ಆ ಚುಕ್ಕಿಗಳೇ ಹೆಚ್ಚು ಗಾಢ. ಏಳೆಂಟು ವರ್ಷದ ಮಕ್ಕಳಿಗೆ ಈ ಎಣಿಕೆ ಊದುವುದಕ್ಕಿಂತ ಹೆಚ್ಚು ಹಿಡಿಸುವುದುಂಟು.

ನಾಲ್ಕೈದು ಸಲ ಊದಿದ ಮೇಲೆ ಮಗುವಿಗೆ ಬಿಡುವು ಕೊಡಿ. ಬಿಡದೆ ಊದಿದರೆ ತಲೆ ತಿರುಗುತ್ತದೆ. ಆ ಹೊತ್ತಲ್ಲಿ ಬಟ್ಟಲನ್ನು ಒಮ್ಮೆ ತಿರುವಿ, ಪೋಸ್ಟರ್ ಬಣ್ಣದ ಪುಡಿ ಅಡಿಗಿಳಿದಿರುತ್ತದೆ. ಐದನೇ ಅಚ್ಚಿನಿಂದ ಬಣ್ಣ ಮಂಕಾಯಿತು ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಬಣ್ಣದ ಮೇಲೆ ಬಣ್ಣ

ಮೊದಲ ಬಣ್ಣ ಒದ್ದೆ ಇರುವಾಗಲೇ ಎರಡನೆಯದನ್ನು ಇಟ್ಟರೆ ಎರಡೂ ಕಲೆಸಿ ಕೆಸರು. ಕೈಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು: ಪುಣೆಯ ಬೇಸಿಗೆಯಲ್ಲಿ ಹತ್ತು ನಿಮಿಷ, ಜುಲೈನ ಮುಂಬೈಯಲ್ಲಿ ಮುಕ್ಕಾಲು ಗಂಟೆಯೂ ಆದೀತು. ಕಾಯುವ ತಾಳ್ಮೆ ಪುಟ್ಟವರಿಗಿಲ್ಲ, ಆದ್ದರಿಂದ ಎಲ್ಲ ಹಾಳೆಗಳಿಗೂ ಮೊದಲು ತಿಳಿ ಬಣ್ಣದ ಅಚ್ಚು ಹಾಕಿಸಿ, ಅಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಹಳದಿ, ಆಮೇಲೆ ಗುಲಾಬಿ, ಕೊನೆಗೆ ನೀಲಿ. ಹಳದಿ-ನೀಲಿ ಕೂಡಿದಲ್ಲಿ ಹಸಿರು, ಗುಲಾಬಿ-ನೀಲಿ ಕೂಡಿದಲ್ಲಿ ನೇರಳೆ. ಕೆಂಪು ಹಸಿರು ಒಟ್ಟಿಗೆ ಬಂದರೆ ಕಂದು, ಅದನ್ನು ತಪ್ಪಿಸಿ. ಮೂರು ಬಣ್ಣ ಮೀರಿದರೆ ಗೆರೆಗಳ ಜಾಲ ಮುಚ್ಚಿಹೋಗುತ್ತದೆ. ಎರಡೇ ಸಾಕು ಎಂಬುದು ನಮ್ಮ ಮತ.

6 ದಾಟಿದವರಿಗೆ ಇನ್ನೊಂದು ಬಗೆ: ಅರ್ಧ ಲೀಟರ್ ಬಾಟಲಿಯ ಬುಡ ಕತ್ತರಿಸಿ, ಚೂಪು ಅಂಚಿಗೆ ಟೇಪು ಹಚ್ಚಿ, ಆ ಬದಿಗೆ ಹಳೆಯ ಹತ್ತಿ ಸಾಕ್ಸ್ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಸಾಕ್ಸನ್ನು ಬಣ್ಣದ ಸೋಪಿನಲ್ಲಿ ಅದ್ದಿ ಬಾಟಲಿಯ ಬಾಯಿಂದ ಊದಿದರೆ ಉದ್ದನೆಯ ನೊರೆಯ ಹಾವು ಹೊರಡುತ್ತದೆ. ಅದನ್ನು ಹಾಳೆಯ ಮೇಲೆ ಹರಿಯಬಿಟ್ಟರೆ ಸಣ್ಣ ಜಾಲರಿಯಂಥ ಪಟ್ಟಿ ಮೂಡುತ್ತದೆ. ಉಸಿರು ಎಳೆಯುವ ಮೊದಲು ಬಾಟಲಿಯನ್ನು ಬಾಯಿಂದ ತೆಗೆಯಲೇಬೇಕು, ಇಲ್ಲಿ ಕಾಪಾಡುವ ತೂತು ಇಲ್ಲ. ಮಾತು ಕೇಳದ ಮಗುವಿಗೆ ಈ ಬಾಟಲಿ ಕೊಡಬೇಡಿ.

ಅಚ್ಚು ಕೆಟ್ಟಾಗ

ಗುಂಡನೆಯ ಗಟ್ಟಿ ಉಂಗುರ ಮೂಡಿದರೆ ಕಾಗದ ಬಟ್ಟಲಿನ ಅಂಚಿಗೆ ತಾಗಿದೆ. ನೊರೆಯನ್ನು ಇನ್ನೂ ಎತ್ತರಕ್ಕೆ ಬರಿಸಿ. ನಡುವೆ ದೊಡ್ಡ ಕಲೆ ಇದ್ದರೆ ಒತ್ತಿದ್ದು ಹೆಚ್ಚಾಗಿ ಕೆಳಗಿನ ದ್ರವ ತಾಗಿದೆ. ಗೆರೆ ಇದೆ, ಆದರೆ ಮಸುಕಾಗಿ ಹರಡಿದೆ ಎಂದರೆ ಕಾಗದ ತೀರ ತೆಳು ಅಥವಾ ನೀರು ಹೆಚ್ಚು. ಒಣಗಿದ ಮೇಲೂ ಅಂಟಂಟು ಎನಿಸಿದರೆ ಸೋಪೋ ಗ್ಲಿಸರಿನ್ನೋ ಮಿತಿಮೀರಿದೆ. ಆ ಹಾಳೆಗಳನ್ನು ಒಂದರ ಮೇಲೊಂದು ಇಡಬೇಡಿ, ಬಿಡಿಸಲು ಬರುವುದಿಲ್ಲ. ನೊರೆಯೇ ಏಳುತ್ತಿಲ್ಲವಾದರೆ ಈ ಕ್ರಮದಲ್ಲಿ ನೋಡಿ: ಬಟ್ಟಲಿನ ಜಿಡ್ಡು, ಬಣ್ಣ ಅಕ್ರಿಲಿಕ್ಕೇ ಎಂಬುದು, ಗಡಸು ನೀರು, ಮೆತ್ತಗಾಗಿ ಒಟ್ಟಿಕೊಂಡ ಸ್ಟ್ರಾ. ಕೊನೆಯದನ್ನು ಮೊದಲು ನೋಡಿದರೂ ನಷ್ಟವಿಲ್ಲ, ಎಷ್ಟೋ ಸಲ ಅದೇ ಆಗಿರುತ್ತದೆ.

ಒಣಗಿಸುವುದು

ಮೊದಲ ಹತ್ತು ಹದಿನೈದು ನಿಮಿಷ ಹಳೆ ಪೇಪರಿನ ಮೇಲೆ ಮಟ್ಟಸವಾಗಿ ಇಡಿ. ಒದ್ದೆಯಲ್ಲೇ ಹಗ್ಗಕ್ಕೆ ಸಿಕ್ಕಿಸಿದರೆ ಗೆರೆಗಳಿಂದ ಕಣ್ಣೀರಿನ ಹಾಗೆ ಬಣ್ಣ ಇಳಿಯುತ್ತದೆ. ಮೇಲ್ಮೈ ಆರಿದ ಮೇಲೆ ಬಟ್ಟೆಯ ಕ್ಲಿಪ್ಪು ಹಾಕಿ ಹಗ್ಗಕ್ಕೆ ಏರಿಸಿ, ಈಗ ಫ್ಯಾನು ಹಾಕಬಹುದು. ಪೂರ್ತಿ ಒಣಗುವ ಸ್ವಲ್ಪ ಮೊದಲು, ಕಾಗದ ತಣ್ಣಗೆ ಅನಿಸುತ್ತಿರುವಾಗಲೇ, ಎರಡು ಬಿಳಿ ಹಾಳೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ರಾತ್ರಿ ಬಿಟ್ಟರೆ ಮುರುಟಿದ್ದು ಸರಿಹೋಗುತ್ತದೆ. ಮಳೆಗಾಲದಲ್ಲಿ ಹೀಗೆ ಒತ್ತಿಡುವ ಮೊದಲು ಹಿಂಬದಿಯಿಂದ, ನಡುವೆ ಹಳೆ ಬಟ್ಟೆ ಇಟ್ಟು, ಕಡಿಮೆ ಕಾವಿನ ಇಸ್ತ್ರಿ ಆಡಿಸಿ. ಇಲ್ಲದಿದ್ದರೆ ಎರಡು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಇಸ್ತ್ರಿ ದೊಡ್ಡವರ ಕೆಲಸ.

ಮಕ್ಕಳು ಗುಂಪಾಗಿ ಸೇರಿದಾಗ

ಕನ್ನಡ ಸಂಘದ ರಜಾ ಶಿಬಿರದಲ್ಲೋ ಸೊಸೈಟಿಯ ಹಾಲ್‌ನಲ್ಲೋ 15 ಮಕ್ಕಳಿಗೆ ಮಾಡಿಸುವುದಾದರೆ ಒಟ್ಟು ಬಣ್ಣ 450 ಮಿ.ಲೀ., ನೀರು 450 ಮಿ.ಲೀ., ಲಿಕ್ವಿಡ್ 225 ಮಿ.ಲೀ. ಬೇಕು. ಮೂರು ಬಣ್ಣ ಇಟ್ಟುಕೊಂಡರೆ ಒಂದೊಂದು 150 ಮಿ.ಲೀ. ಕೈ ತಪ್ಪಿ ಚೆಲ್ಲುವುದಕ್ಕೆ ಇನ್ನೊಂದು 100 ಮಿ.ಲೀ. ಮೀಸಲು. ಎಲ್ಲರಿಗೂ ಎಲ್ಲ ಬಣ್ಣ ಬೇಕು, ಬಟ್ಟಲು ಬದಲಾಯಿಸುವಂತಿಲ್ಲ. ಆದ್ದರಿಂದ ಮಗು ಮತ್ತು ಬಟ್ಟಲು ಒಂದೇ ಕಡೆ ಇರಲಿ, ಕಾಗದ ಸುತ್ತಲಿ. ಮೂವರು ಮೂರು ಬಣ್ಣ ಹಿಡಿದು ವೃತ್ತವಾಗಿ ಕೂರಲಿ. ಒಬ್ಬರು ಊದಿದಾಗ ಪಕ್ಕದವರು ತಮ್ಮ ಕಾಗದ ಇಡಲಿ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಹೆಸರು ಬರೆಸಿರಬೇಕು, ಒದ್ದೆಯಾದ ಮೇಲೆ ಬರೆಯಲಾಗುವುದಿಲ್ಲ. ಐದು ಮಕ್ಕಳಿಗೆ ಒಬ್ಬರು ದೊಡ್ಡವರಾದರೂ ಇರಲಿ, ಅವರ ಕಣ್ಣು ಸ್ಟ್ರಾ ಮೇಲಿರಲಿ, ಫೋಟೋ ಆಮೇಲೆ.

ಒಣಗಿದ ಹಾಳೆಯಿಂದ ಮುಂದೆ

ಅಚ್ಚಿನಲ್ಲಿ ಮೊದಲೇ ಏನೋ ಅಡಗಿರುತ್ತದೆ. ಹಸಿರು-ಹಳದಿ ಮನೆಗಳ ಹಾಳೆಯನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ ತೊಟ್ಟು ಬರೆದರೆ ಹಲಸಿನಹಣ್ಣು. ಗುಂಡಗೆ ಕತ್ತರಿಸಿದರೆ ಸಾಸ್ವಡದಿಂದ ಪುಣೆಗೆ ಬರುವ ಸೀತಾಫಲ. ನೀಲಿಯ ಸಣ್ಣ ನೊರೆ ಮಚ್ಚೆ ಬಿದ್ದು ‘ಕೆಟ್ಟ’ ಹಾಳೆಯೇ ಮಿರಾಮಾರ್ ಕಡಲಂಚಿನ ಅಲೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ, ಎಸೆಯಬೇಡಿ. ಗುಳ್ಳೆಯ ಪ್ರತಿ ಮನೆಯೊಳಗೂ ಕಪ್ಪು ಪೆನ್ನಿನಿಂದ ಕಣ್ಣು ಮೂಗು ಬರೆಯಲು ಬಿಟ್ಟರೆ ಮಕ್ಕಳು ಒಂದು ಗಂಟೆ ಸದ್ದಿಲ್ಲದೆ ಕೂರುತ್ತಾರೆ. ಪೋಸ್ಟ್ ಕಾರ್ಡ್ ಅಳತೆಯ ತುಂಡುಗಳ ಹಿಂದೆ ನಾಲ್ಕು ಸಾಲು ಕನ್ನಡ ಬರೆಸಿ ಲಕೋಟೆಗೆ ಹಾಕಿ ಊರಿನ ಅಜ್ಜಿಗೆ ಕಳಿಸಿ.

ದೀಪಾವಳಿಗೆ ಗೂಡುದೀಪ ಕಟ್ಟುವವರು ಟ್ರೇಸಿಂಗ್ ಕಾಗದಕ್ಕೆ ಅಚ್ಚು ಹಾಕಬಹುದು. ಈ ಕಾಗದ ನೀರು ಕುಡಿಯುವುದಿಲ್ಲ, ಆದ್ದರಿಂದ ಕಲಸುವಾಗ ನೀರನ್ನು 2 ಚಮಚದಿಂದ 1ಕ್ಕೆ ಇಳಿಸಿ, ಹತ್ತು ಸೆಕೆಂಡು ಕಾದು ತೆಳು ಗೆರೆಯ ಅಚ್ಚನ್ನೇ ತೆಗೆಯಿರಿ. ಒಣಗಲು ಇಡೀ ರಾತ್ರಿ ಬೇಕು. ಅಚ್ಚಿನ ಬದಿ ಒಳಗೆ ಬರುವಂತೆ ಅಂಟಿಸಿದರೆ ಗೆರೆಗಳಿಗೆ ಕೈ ತಾಗಿ ಉದುರುವುದಿಲ್ಲ, ಹೊರಗಿನಿಂದ ಬೆಳಕಿನಲ್ಲಿ ಅಷ್ಟೇ ಚೆನ್ನಾಗಿ ಕಾಣುತ್ತವೆ. ಒಳಗೆ ಬತ್ತಿಯ ದೀಪ ಬೇಡ, ಎಲ್‌ಇಡಿ ಬಲ್ಬು ಹಾಕಿ.

ಉಳಿದ ದ್ರವದಲ್ಲಿ ಎಂಜಲು ಸೇರಿರುವುದರಿಂದ ಎತ್ತಿಡುವುದು ವ್ಯರ್ಥ, ಈ ಸೆಕೆಗೆ ಎರಡು ದಿನದಲ್ಲಿ ನಾರುತ್ತದೆ. ಊದದೆ ಉಳಿಸಿದ್ದನ್ನು ಮಾತ್ರ ಮುಚ್ಚಳದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಬಾಟಲಿಯ ಮೇಲೆ ದೊಡ್ಡದಾಗಿ ‘ಬಣ್ಣ, ಕುಡಿಯಬಾರದು’ ಎಂದು ಬರೆದು ಮಕ್ಕಳ ಕೈಗೆ ಸಿಗದ ಮೇಲಿನ ಅರೆಯಲ್ಲಿಡಿ. ನೇರಳೆ ಬಣ್ಣ ಕಂಡರೆ ದ್ರಾಕ್ಷಿ ರಸವೆಂದೇ ತಿಳಿದು ಬಾಯಿಗೆ ಹಿಡಿಯುವವರು ಮನೆಯಲ್ಲಿ ಮಕ್ಕಳಷ್ಟೇ ಅಲ್ಲ.